ಕಟ್ಟಿಸಿದವನೂ ಕಟ್ಟಿದವನೂ

ಕನ್ನಡ ವ್ಯಾಕರಣದಲ್ಲಿ 'ಇಸು' ಎಂಬ ಒಂದು ಚಿಕ್ಕ ಪ್ರತ್ಯಯವುಂಟು. 'ಕಟ್ಟಿದನು' ಎಂಬಲ್ಲಿ ಅದನ್ನು ಸೇರಿಸಿದರೆ 'ಕಟ್ಟಿಸಿದನು' ಎಂದಾಗುವುದು. ಮೊದಲನೆಯ ಮಾತಿನಲ್ಲಿ ಕರ್ತೃವು ಒಬ್ಬನೇ, ಎರಡನೆಯದರಲ್ಲಿ ಇಬ್ಬರು. ಒಬ್ಬನು ಪ್ರೇರಿಸಿದವನು, ಮತ್ತೊಬ್ಬನು ಆ ಪ್ರೇರಣೆಯಂತೆ ಕೈಯಾರೆ ದುಡಿದವನು. ವೈಯಾಕರಣರು ಇವರನ್ನು ಪ್ರಯೋಜಕ ಕರ್ತೃವೆಂದೂ ಪ್ರಯೋಜ್ಯ ಕರ್ತೃವೆಂದೂ ಕರೆದು ಇಬ್ಬರಿಗೂ ಕರ್ತೃತ್ವವನ್ನು ಒಪ್ಪಿರುವರು. ಲೋಕವ್ಯವಹಾರವಾದರೋ ಹಾಗಲ್ಲ. ಅಲ್ಲಿ ವಾಕ್ಯವು ಪ್ರಯೋಜಕನ ಹೆಸರಿನಿಂದಲೇ ತೊಡಗಿ ಅವನ ಕೀರ್ತಿಯಲ್ಲಿಯೇ ಮುಗಿಯುವುದು. ಪ್ರಯೋಜ್ಯನು ಆ ಎರಡಕ್ಷರದ ಪ್ರತ್ಯಯದೊಳಗೆ ಅಡಗಿ ಕುಳಿತಿರುವನು. ಹೀಗೆ ಅಡಗಿರುವುದು ಅವನು ಗಳಿಸಿದ ಪುಣ್ಯವೋ, ಅವನಿಗೆ ಲೋಕವು ಮಾಡಿದ ಅನ್ಯಾಯವೋ ಎಂಬುದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ಪ್ರಶ್ನೆಯು.

ಈ ಪ್ರಶ್ನೆಗೆ ಉದಾಹರಣೆಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಭಟ್ಕಳವನ್ನು ನೋಡಬೇಕು. ವಿಜಯನಗರದ ಅರಸರ ಕಾಲದಲ್ಲಿ ಕಡಲಾಚೆಯ ಕುದುರೆಗಳು ಇಳಿಯುತ್ತಿದ್ದ ಆ ರೇವುಪಟ್ಟಣದಲ್ಲಿ 16ನೆಯ ಶತಮಾನದ ಶಿಲಾಮಯವಾದ ಒಂದು ವಿಷ್ಣುವಿನ ಗುಡಿಯುಂಟು. ಅದರ ಹೊರಗೋಡೆಯ ಮೇಲೆ ರಾಮಕಥೆಯು ಕಲ್ಲಿನಲ್ಲಿ ಸಾಲುಸಾಲಾಗಿ ಹರಿದಿರುವುದು. ಗುಡಿಯ ಹೆಸರು ಕೇತಪೈ ನಾರಾಯಣ ದೇವಸ್ಥಾನ. ಅದೇ ಊರಿನ ಜೈನ ಬಸದಿಯ ಹೆಸರು ಜಟ್ಟಪ್ಪ ನಾಯಕನ ಬಸದಿ. ಕಟ್ಟಿಸಿದವರು ಜಾತಿಯಿಂದಲೂ ಮತದಿಂದಲೂ ಬೇರೆಬೇರೆಯವರು. ಆದರೆ ಇಬ್ಬರ ಹೆಸರುಗಳೂ ಅವರವರ ದೇವರ ಹೆಸರಿನೊಡನೆ ಸೇರಿ ನಾನೂರು ವರ್ಷಗಳಿಗೂ ಹೆಚ್ಚು ಕಾಲ ಜನರ ನಾಲಗೆಯಲ್ಲಿ ಬಾಳಿವೆ. ಇದು ಸರಿಯೇ. ಧನವುಳ್ಳವರೆಲ್ಲರೂ ಗುಡಿಯನ್ನು ಕಟ್ಟಿಸುವುದಿಲ್ಲವಾದುದರಿಂದ ಕಟ್ಟಿಸಿದವನು ಸ್ಮರಣೀಯನೇ ಸರಿ. ಆದರೆ ಆ ಗೋಡೆಯ ಮುಂದೆ ನಿಂತ ಯಾತ್ರಿಕನು ಬೆರಗಾಗುವುದು ಕೇತಪೈಯ ಹಣವನ್ನು ಕಂಡಲ್ಲ; ಕಲ್ಲಿನಲ್ಲಿ ಕಪಿಯ ಬಾಲವು ಬಳುಕಿದ ಬಗೆಯನ್ನು ಕಂಡು. ಬಳುಕಿಸಿದವನು ಯಾರೆಂದು ಊರಿನ ನಾಲಗೆಯು ಹೇಳಲಾರದು.

ಕಲ್ಲಿನಿಂದ ಮರಕ್ಕೆ ಬರುವ. ಹೊನ್ನಾವರ, ಕುಮಟೆ, ಶಿರಸಿ, ಸಿದ್ದಾಪುರಗಳಲ್ಲಿಯೂ ಘಟ್ಟದ ಮೇಲಿನ ಸಾಗರ ಸೊರಬಗಳಲ್ಲಿಯೂ ಗುಡಿಗಾರರೆಂಬ ಕುಶಲಿಗಳ ಮನೆತನಗಳು ಬಹುಕಾಲದಿಂದ ನೆಲೆಸಿವೆ. ಅವರಲ್ಲಿ ಕೆಲವರ ಹಿರಿಯರು ಗೋವೆಯಿಂದ ಬಂದವರೆಂಬ ಹೇಳಿಕೆಯೂ ಉಂಟು. ಗಂಧದ ಮರದ ಒಂದು ಅಂಗೈಯಗಲದ ತುಂಡಿನಲ್ಲಿ ಬಳ್ಳಿ, ಹೂ, ಹಕ್ಕಿ, ಆನೆ, ಸಿಂಹ, ದೇವತೆ ಎಲ್ಲವನ್ನೂ ಒಂದರ ಬೆನ್ನಿಗೆ ಒಂದನ್ನು ಹೆಣೆದು ನಿಲ್ಲಿಸುವುದು ಇವರ ಕೈಚಳಕವು. ಹಿಂದೆ ಆನೆಯ ದಂತದಲ್ಲಿಯೂ ಇವರು ಕೆತ್ತುತ್ತಿದ್ದರು. ಆ ವ್ಯಾಪಾರವನ್ನು ಕಾನೂನು ಈಗ ನಿಷೇಧಿಸಿದೆ. ನೀರಿನಲ್ಲಿ ಬೆಳೆಯುವ ಗಿಡದ ಹಗುರವಾದ ಬೆಂಡಿನಿಂದ ಮದುವೆಯ ಬಾಸಿಂಗವನ್ನು ಮಾಡುವವರೂ, ಜೇಡಿಮಣ್ಣಿನಿಂದ ಚವತಿಯ ಗಣಪತಿಯನ್ನು ಮಾಡುವವರೂ ಇವರೇ. 1883ರಲ್ಲಿ ಪ್ರಕಟವಾದ ಬೊಂಬಾಯಿ ಪ್ರಾಂತದ ಗೆಜೆಟಿಯರಿನ ಕಾನಡಾ ಸಂಪುಟದಲ್ಲಿಯೂ ಈ ಜನರ ವರ್ಣನೆಯು ಬಂದಿದೆ. ಗಂಧದ ಪೆಟ್ಟಿಗೆಯು ದೂರದ ದಿವಾನಖಾನೆಗಳನ್ನು ಸೇರಿತು. ಪೆಟ್ಟಿಗೆಯೊಡನೆ ಹೋದುದು ಗಂಧದ ಕಂಪು ಮಾತ್ರವೇ. ಕೊಂಡವನು ಬೆಲೆಯನ್ನು ಕೇಳಿದನು, ತೂಕವನ್ನು ಕೇಳಿದನು, ಮರವು ಅಸಲಿಯೇ ಎಂದು ಕೇಳಿದನು. ಕೆತ್ತಿದವರು ಯಾರೆಂದು ಕೇಳಿದವರು ಎಷ್ಟು ಮಂದಿ?

ಇನ್ನು ಗೋಡೆಯ ಕಲೆಯನ್ನು ನೋಡಬೇಕು. ಗೋವೆಯಿಂದ ತೆಂಕಣಕ್ಕೆ ಈ ಕರಾವಳಿಯ ಗುಡಿಗಳಲ್ಲಿಯೂ ಕೆಲವು ಹಳೆಯ ಮನೆಗಳಲ್ಲಿಯೂ ಕಾವಿಕಲೆಯೆಂಬುದೊಂದು ಇತ್ತು. ಅಲ್ಲಲ್ಲಿ ಇನ್ನೂ ಉಳಿದಿದೆ. ಕಡಲ ಚಿಪ್ಪುಗಳನ್ನು ಸುಟ್ಟು ಸುಣ್ಣವನ್ನು ಮಾಡಿ, ಅದಕ್ಕೆ ತೊಳೆದ ಮರಳನ್ನೂ ಬೆಲ್ಲವನ್ನೂ ಕೂಡಿಸಿ, ಹದಿನೈದು ದಿವಸ ನೆನೆಯಿಟ್ಟು, ಆಮೇಲೆ ಕುಟ್ಟಿ ಹದಮಾಡುತ್ತಿದ್ದರು. ಆ ಬಿಳಿಯ ಗಾರೆಯನ್ನು ಒದ್ದೆಯಾದ ಗೋಡೆಗೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಕಾವಿಯ ಪದರವನ್ನು ಹಚ್ಚಿ, ಹೊಳೆಯ ನುಣುಪಾದ ಕಲ್ಲುಗಳಿಂದ ಉಜ್ಜುತ್ತಿದ್ದರು. ಪದರವು ಹಸಿಯಾಗಿರುವಾಗಲೇ ಚೂಪಾದ ಉಕ್ಕಿನ ಕಡ್ಡಿಯಿಂದ ಬೇಡವಾದಷ್ಟು ಕಾವಿಯನ್ನು ಕೆರೆದು ತೆಗೆದರೆ ಒಳಗಿನ ಬಿಳುಪು ಮೇಲಕ್ಕೆ ಕಾಣುವುದು. ಕೆರೆಯದೆ ಬಿಟ್ಟ ಕೆಂಪು ದಶಾವತಾರವಾಗಿ, ದ್ವಾರಪಾಲಕನಾಗಿ, ಬಳ್ಳಿಯಾಗಿ ನಿಲ್ಲುವುದು. ಆ ಬಳಿಕ ಹಲವು ದಿವಸ ನೀರನ್ನು ಚಿಮುಕಿಸಿ ಗೋಡೆಯನ್ನು ಗಟ್ಟಿಗೊಳಿಸುತ್ತಿದ್ದರು. ಬಣ್ಣಗಳು ಎರಡೇ, ತಪ್ಪನ್ನು ತಿದ್ದುವುದಕ್ಕೆ ಆಸ್ಪದವು ಬಹಳ ಸ್ವಲ್ಪ, ಗಾರೆಯು ಒಣಗುವುದರೊಳಗೆ ಕೈಯು ತನ್ನ ಕೆಲಸವನ್ನು ಮುಗಿಸಿರಬೇಕು. ಕರಾವಳಿಯ ಮಳೆಗಾಲಗಳನ್ನು ನೂರಾರು ಸಲ ಕಂಡ ಗೋಡೆಗಳಲ್ಲಿಯೂ ಆ ಗೆರೆಗಳು ನಿಂತಿರುವುದನ್ನು ನೋಡಿದರೆ ಆ ಕೈಗಳ ಬಲವು ತಿಳಿಯುವುದು.

ಆದರೆ ಮಳೆಗೆ ಮಣಿಯದ ಗೋಡೆಯು ಜೀರ್ಣೋದ್ಧಾರಕ್ಕೆ ಮಣಿಯಿತು. ಹಳೆಯ ಗುಡಿಯನ್ನು ಹೊಸದು ಮಾಡುವ ಉತ್ಸಾಹದಲ್ಲಿ ಎಷ್ಟೋ ಕಡೆ ಕಾವಿಯ ಗೋಡೆಗಳು ಉರುಳಿದವು. ಕೆಲವಕ್ಕೆ ಸುಣ್ಣವನ್ನೂ ಕೆಲವಕ್ಕೆ ತೈಲವರ್ಣವನ್ನೂ ಬಳಿದರು. ಹೊನ್ನಾವರದಲ್ಲಿ ಹುಟ್ಟಿದ ಡಾಕ್ಟರ್ ಕೃಷ್ಣಾನಂದ ಕಾಮತರು (1934–2002) ಕೀಟಶಾಸ್ತ್ರದಲ್ಲಿ ಪಂಡಿತರಾಗಿದ್ದರೂ ಛಾಯಾಚಿತ್ರದ ಯಂತ್ರವನ್ನು ಹೊತ್ತು ಇಂತಹ ಗುಡಿಗಳನ್ನು ತಿರುಗಿ ಈ ಕಲೆಯನ್ನು ಚಿತ್ರಿಸಿಟ್ಟರು, ಅದರ ವಿಧಾನವನ್ನು ಬರೆದಿಟ್ಟರು. ಅವರ ಶ್ರಮದಿಂದ ಕಲೆಯ ನೆನಪು ಉಳಿಯಿತು. ಕಲಾವಿದರ ಹೆಸರುಗಳನ್ನು ಮಾತ್ರ ಯಾವ ಯಂತ್ರವೂ ಹಿಡಿಯಲಾರದಾಯಿತು. ಇಲ್ಲಿಯೇ ಪ್ರಶ್ನೆಯ ಮುಳ್ಳು ಇರುವುದು. ಗೋಡೆಯನ್ನು ಕೆಡಹುವಾಗ 'ಇದು ಇಂಥವನ ಕೈಕೆಲಸ' ಎಂದು ಯಾರಾದರೂ ಹೇಳುವಂತಿದ್ದರೆ ಗುದ್ದಲಿಯು ಒಂದು ನಿಮಿಷ ತಡೆಯುತ್ತಿತ್ತು. ಹೆಸರಿಲ್ಲದುದನ್ನು ಒಡೆಯುವುದು ಸುಲಭ. ಆದುದರಿಂದ ಹೆಸರಿನ ಪ್ರಶ್ನೆಯು ಬರಿಯ ಕೀರ್ತಿಯ ಪ್ರಶ್ನೆಯಲ್ಲ. ಕೃತಿಯ ಪ್ರಾಣದ ಪ್ರಶ್ನೆಯೂ ಹೌದು.

ಇದಕ್ಕೆ ಪೂರ್ವಪಕ್ಷವು ಬಲವಾಗಿಯೇ ಇದೆ. ಮೊದಲನೆಯದಾಗಿ, ಕೂಲಿಯನ್ನು ಕೊಟ್ಟವನಿಗೇ ಫಲವು; ಕೂಲಿಯನ್ನು ಪಡೆದವನ ಹಕ್ಕು ಅಲ್ಲಿಗೆ ತೀರಿತು. ಎರಡನೆಯದಾಗಿ, ಈ ಕೆಲಸವು ಒಬ್ಬನದಲ್ಲ. ಅಪ್ಪನಿಂದ ಮಗನಿಗೆ ಬಂದ ಮಾದರಿ, ಶಿಲ್ಪಶಾಸ್ತ್ರವು ಹೇಳಿದ ಪ್ರಮಾಣ, ನಾಲ್ಕು ಕೈಗಳು ಕೂಡಿದ ದುಡಿಮೆ. ಇದರಲ್ಲಿ ಯಾರ ಹೆಸರನ್ನು ಬರೆಯಬೇಕು? ಮೂರನೆಯದಾಗಿ, ಹೆಸರೆಂಬುದು ಅಹಂಕಾರದ ಬೀಜವು. ದೇವರಿಗೆ ಅರ್ಪಿಸಿದ ಕೆಲಸದಲ್ಲಿ 'ನಾನು ಮಾಡಿದೆನು' ಎಂಬ ಮುದ್ರೆಯು ಏಕೆ? ನಿಷ್ಕಾಮಕರ್ಮವನ್ನು ಹಾಡಿಹೊಗಳಿದ ನಾಡಿನಲ್ಲಿ ಹೆಸರಿಲ್ಲದ ಶಿಲ್ಪಿಯೇ ನಿಜವಾದ ಯೋಗಿಯಲ್ಲವೆ? ಈ ಮೂರೂ ವಾದಗಳು ಸಭ್ಯವಾದವು. ಒಂದೊಂದನ್ನಾಗಿ ತೂಗಿ ನೋಡಬೇಕು.

ಕೂಲಿಯ ವಾದಕ್ಕೆ ಮೀಮಾಂಸಕರಲ್ಲಿಯೇ ಉತ್ತರವುಂಟು. ಯಜ್ಞದಲ್ಲಿ ದುಡಿಯುವವರು ಋತ್ವಿಜರು. ಸ್ವರ್ಗಾದಿ ಫಲವು ಸೇರುವುದು ಯಜಮಾನನಿಗೆ. ಏಕೆಂದರೆ ಅವನು ದಕ್ಷಿಣೆಯಿಂದ ಅವರ ಶ್ರಮವನ್ನು ಕೊಂಡಿರುವನು. ಇಷ್ಟು ಪೂರ್ವಪಕ್ಷಕ್ಕೆ ಅನುಕೂಲವೇ. ಆದರೆ ಆ ಯಜ್ಞವು ತೊಡಗುವ ಮುನ್ನ ಋತ್ವಿಗ್ವರಣವೆಂಬುದೊಂದು ಕರ್ಮವಿದೆ. ಅಲ್ಲಿ ಯಜಮಾನನು ಪ್ರತಿಯೊಬ್ಬ ಋತ್ವಿಜನನ್ನೂ ಅವನ ಗೋತ್ರವನ್ನೂ ಹೆಸರನ್ನೂ ಹೇಳಿ ವರಿಸಬೇಕು. ಫಲವನ್ನು ತಾನು ಪಡೆಯುವನಾದರೂ 'ಇವನು ಮಾಡುವನು' ಎಂಬುದನ್ನು ದೇವತೆಗಳೆದುರಿಗೆ ಅವನ ಬಾಯಿಂದಲೇ ಹೇಳಿಸಲಾಗುವುದು. ದಕ್ಷಿಣೆಯು ಫಲವನ್ನು ಕೊಳ್ಳಬಲ್ಲದು. ನಡೆದುದನ್ನು ನಡೆಯದಂತೆ ಮಾಡಲಾರದು. ಗುಡಿಯನ್ನು ಕಟ್ಟಿಸಿದ ಪುಣ್ಯವೆಲ್ಲವೂ ಕೇತಪೈಗೇ ಇರಲಿ. ಕಲ್ಲನ್ನು ಕೆತ್ತಿದನೆಂಬ ಸತ್ಯವು ಕೆತ್ತಿದವನದೇ. ಪುಣ್ಯವನ್ನು ಮಾರಬಹುದು, ಸತ್ಯವನ್ನು ಮಾರಲಾಗದು.

ಪರಂಪರೆಯ ವಾದವನ್ನು ತೂಗುವುದಕ್ಕೆ ಜಪಾನು ದೇಶದ ಮರದಚ್ಚಿನ ಚಿತ್ರಗಳು ಒಳ್ಳೆಯ ತಕ್ಕಡಿಯಾಗಿವೆ. ಕಾವಿಯ ಗೋಡೆಯ ಯುಕ್ತಿಯನ್ನೇ ಅಲ್ಲಿಯವರು ಚೆರಿ ಮರದ ಹಲಗೆಯ ಮೇಲೆ ನಡೆಯಿಸಿದರು. ಬಿಳಿಯಾಗಬೇಕಾದುದನ್ನು ಉಳಿಯಿಂದ ತೆಗೆದುಹಾಕಿ, ಉಳಿದ ಉಬ್ಬಿಗೆ ಬಣ್ಣವನ್ನು ಹಚ್ಚಿ, ಕಾಗದವನ್ನು ಮೇಲಿಟ್ಟು ಉಜ್ಜುವರು. ಎರಡು ಕಡೆಗಳಲ್ಲಿಯೂ ರೂಪವು ಮೂಡುವುದು ತೆಗೆಯುವುದರಿಂದಲೇ. 18, 19ನೆಯ ಶತಮಾನಗಳಲ್ಲಿ ಈ ಪಟಗಳು ನಾಲ್ವರ ಕೂಡುಗೆಲಸವಾಗಿದ್ದುವು: ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು, ಬಂಡವಾಳವನ್ನು ಹೂಡುವ ಪ್ರಕಾಶಕನು. ಚಿತ್ರಕಾರನು ತೆಳುವಾದ ಕಾಗದದಲ್ಲಿ ಬರೆದುಕೊಟ್ಟುದನ್ನು ಕೆತ್ತುವವನು ಹಲಗೆಗೆ ಮಗುಚಿ ಅಂಟಿಸಿ ಅದರ ಮೇಲೆಯೇ ಕೆತ್ತುವನು. ಮೂಲಚಿತ್ರವು ಆ ಕೆತ್ತನೆಯಲ್ಲಿಯೇ ನಾಶವಾಗುವುದು. ಸುಂದರಿಯ ಹಣೆಯಂಚಿನ ಕೂದಲುಗಳನ್ನು ಚಿತ್ರಕಾರನು ಸ್ಥೂಲವಾಗಿ ಸೂಚಿಸಿ ಬಿಡುತ್ತಿದ್ದನು. ಒಂದೊಂದು ಕೂದಲನ್ನೂ ಬಿಡಿಸಿ ನಿಲ್ಲಿಸುತ್ತಿದ್ದವನು ಹಿರಿಯ ಕೆತ್ತನೆಗಾರನು. ಲೋಕವು ಇಂದಿಗೂ ಹೊಕುಸಾಯಿಯ ಹೆದ್ದೆರೆಯ ಚಿತ್ರವನ್ನು ಕೊಂಡಾಡುವುದು. ಆ ತೆರೆಯ ನೊರೆಯ ಬೆರಳುಗಳನ್ನು ಮರದಲ್ಲಿ ಬಿಡಿಸಿದ ಕೈಯನ್ನು ಯಾರೂ ಹೆಸರಿಸುವುದಿಲ್ಲ. ವಿಚಿತ್ರವೆಂದರೆ ಹೊಕುಸಾಯಿಯು ತಾನೇ ಬಾಲ್ಯದಲ್ಲಿ ಹಲಗೆ ಕೆತ್ತುವವನ ಬಳಿ ಶಿಷ್ಯನಾಗಿದ್ದವನು.

ಇದರಿಂದ ತಿಳಿಯುವುದೇನೆಂದರೆ, ಹಲವರು ಕೂಡಿ ಮಾಡಿದ ಕೆಲಸದಲ್ಲಿ ಯಾರ ಹೆಸರೂ ಇರುವುದಿಲ್ಲವೆಂಬುದು ಸುಳ್ಳು. ಯಾರಾದರೊಬ್ಬರ ಹೆಸರು ಇದ್ದೇ ಇರುವುದು. ಕೆಲಸವು ಎಲ್ಲರದೆಂಬ ನೆಪವು ಮರೆಯಿಸುವುದು ಕೆಲವರನ್ನು ಮಾತ್ರವೇ. 19ನೆಯ ಶತಮಾನದ ನಡುವಿನಲ್ಲಿ ಕೆಲವು ಪಟಗಳ ಮೂಲೆಯಲ್ಲಿ ಕೆತ್ತಿದವನ ಚಿಕ್ಕ ಮುದ್ರೆಯೂ ಕಾಣಿಸಿಕೊಳ್ಳತೊಡಗಿತು. ಅದರಿಂದ ಚಿತ್ರದ ಸೊಬಗೇನೂ ಕೆಡಲಿಲ್ಲ, ಪರಂಪರೆಯೂ ಮುರಿಯಲಿಲ್ಲ. 1904ರಲ್ಲಿ ಯಾಮಾಮೊತೊ ಕಾನಾಯೆ ಎಂಬ ತರುಣನು ತಾನೇ ಬರೆದು ತಾನೇ ಕೆತ್ತಿ ತಾನೇ ಅಚ್ಚೊತ್ತಿದ ಒಬ್ಬ ಬೆಸ್ತನ ಚಿತ್ರವನ್ನು ಪ್ರಕಟಿಸಿದನು. ಪ್ರಯೋಜಕನೂ ಪ್ರಯೋಜ್ಯನೂ ಒಬ್ಬನೇ ಆದ ಈ ಮಾರ್ಗವು ಅಲ್ಲಿ ದೊಡ್ಡದಾಗಿ ಬೆಳೆಯಿತು.

ಇನ್ನು ಅಹಂಕಾರದ ವಾದ. ಇದೇ ಎಲ್ಲಕ್ಕಿಂತ ಗಹನವಾದುದು. ಇದನ್ನು ಜಪಾನಿನಲ್ಲಿಯೇ ಸಮರ್ಥವಾಗಿ ಎತ್ತಿದವನು ಯಾನಾಗಿ ಸೊಯೆತ್ಸು ಎಂಬ ತತ್ತ್ವಜ್ಞನು. ಹಳ್ಳಿಯ ಕುಂಬಾರನು ಹೆಸರಿನ ಹಂಬಲವಿಲ್ಲದೆ ಮಾಡಿದ ಬಟ್ಟಲಿನಲ್ಲಿರುವ ಚೆಲುವು ಹೆಸರಾಂತ ಕಲಾವಿದನ ಕೃತಿಯಲ್ಲಿ ದುರ್ಲಭವೆಂದು ಆತನು ಬೋಧಿಸಿ, 1936ರಲ್ಲಿ ಟೋಕಿಯೋ ನಗರದಲ್ಲಿ ಅಂತಹ ವಸ್ತುಗಳಿಗಾಗಿ ಒಂದು ಸಂಗ್ರಹಾಲಯವನ್ನು ತೆರೆದನು. ಆತನ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಹೆಸರಿಲ್ಲದವರನ್ನು ಹೊಗಳಿದವನ ಹೆಸರು ಲೋಕವಿಖ್ಯಾತವಾಯಿತು. ಹೊಗಳಿಸಿಕೊಂಡ ಕುಂಬಾರರ ಹೆಸರು ಇಂದಿಗೂ ಇಲ್ಲ. ಅನಾಮಿಕತೆಯ ಮಹಿಮೆಯನ್ನು ಹಾಡುವವರು ಸಾಮಾನ್ಯವಾಗಿ ನಾಮಧೇಯವುಳ್ಳವರೇ ಆಗಿರುವರೆಂಬುದು ಯೋಚಿಸತಕ್ಕ ಸಂಗತಿಯು.

ಅದೇ 1936ರಲ್ಲಿ ಯಾನಾಗಿಯ ಕಣ್ಣಿಗೆ ಬಿದ್ದವನು ಮುನಕಾತಾ ಶಿಕೋ. ಜಪಾನಿನ ಮುಖ್ಯ ದ್ವೀಪದ ಬಡಗಣ ತುದಿಯ ಆಓಮೋರಿ ಎಂಬ ಊರಿನಲ್ಲಿ 1903ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಆತನು ಹುಟ್ಟಿದನು. ದೃಷ್ಟಿಯು ಬಹಳ ಮಂದ. ಮುಖವನ್ನು ಹಲಗೆಗೆ ತಾಗುವಷ್ಟು ಬಗ್ಗಿಸಿಕೊಂಡು ಭರದಿಂದ ಕೆತ್ತುತ್ತಿದ್ದನು. 1939ರಲ್ಲಿ ಆತನು ಕೆತ್ತಿದುದು ಬುದ್ಧನ ಹತ್ತು ಮಂದಿ ಮಹಾಶಿಷ್ಯರನ್ನು: ಶಾರಿಪುತ್ರ, ಮೌದ್ಗಲ್ಯಾಯನ, ಕಾಶ್ಯಪ, ಆನಂದ ಮೊದಲಾದವರನ್ನು. ಅವರೊಡನೆ ಮಂಜುಶ್ರೀ, ಸಮಂತಭದ್ರ ಎಂಬ ಇಬ್ಬರು ಬೋಧಿಸತ್ತ್ವರು. ಭರತಖಂಡದ ಹೆಸರುಗಳು ಎರಡೂವರೆ ಸಾವಿರ ವರ್ಷಗಳಾಚೆ ಒಬ್ಬ ಕಮ್ಮಾರನ ಮಗನ ಉಳಿಯನ್ನು ಹೀಗೆ ಮುಟ್ಟಿದುವು. ಯುದ್ಧದಲ್ಲಿ ಆತನ ಹಲಗೆಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಬೋಧಿಸತ್ತ್ವರಿಬ್ಬರ ಹಲಗೆಗಳೂ ಹೋದುದರಿಂದ 1948ರಲ್ಲಿ ಅವನ್ನು ಮರಳಿ ಕೆತ್ತಿದನು. 1956ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅಚ್ಚಿನ ಚಿತ್ರಗಳ ಮಹಾಬಹುಮಾನವು ಆತನಿಗೆ ಬಂದಿತು. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತನ ಹೆಸರು ಜಗತ್ತಿನಲ್ಲೆಲ್ಲ ಹಬ್ಬಿತ್ತು. ಆದರೂ ಕೃತಿಯನ್ನು ಮಾಡಿದವನು ತಾನಲ್ಲ, ಹಲಗೆಯೇ, ತನಗೆ ಮೀರಿದ ಒಂದು ಶಕ್ತಿಯೇ ಎಂಬುದು ಆತನ ನಂಬುಗೆಯಾಗಿತ್ತು.

ಇಲ್ಲಿ ಸಿದ್ಧಾಂತವು ಹೊಳೆಯುವುದು. ಧರ್ಮಶಾಸ್ತ್ರಕಾರರು ದಾನದ ಲಕ್ಷಣವನ್ನು ಹೇಳುವಾಗ, ತನ್ನ ಸ್ವತ್ವವನ್ನು ಬಿಟ್ಟು ಮತ್ತೊಬ್ಬನಿಗೆ ಸ್ವತ್ವವನ್ನು ಉಂಟುಮಾಡುವುದೆಂದು ನಿರ್ಣಯಿಸಿದ್ದಾರೆ. ಮೊದಲು ತನ್ನದೆಂಬುದು ಇದ್ದರಲ್ಲವೆ ಬಿಡುವುದು? ತನ್ನದಲ್ಲದ ಹೊಲವನ್ನು ದಾನಮಾಡುವುದು ಹೇಗೆ ಶಕ್ಯವಲ್ಲವೋ, ಎಂದೂ ತನಗೆ ದೊರೆಯದ ಹೆಸರನ್ನು ತ್ಯಾಗಮಾಡುವುದೂ ಹಾಗೆಯೇ ಶಕ್ಯವಲ್ಲ. ಮುನಕಾತಾ ತನ್ನ ಹೆಸರನ್ನು ಪಡೆದು ಹಲಗೆಯ ಅಡಿಯಲ್ಲಿ ಇಟ್ಟನು, ಅದು ತ್ಯಾಗವು. ಗುಡಿಗಾರನ ಹೆಸರನ್ನು ಯಾರೂ ಕೇಳಲಿಲ್ಲ. ಅದು ತ್ಯಾಗವಲ್ಲ, ಅಪಹಾರವು. ಎರಡರಲ್ಲಿಯೂ ಹೊರಗೆ ಕಾಣುವುದು ಒಂದೇ ಮೌನವು. ಉಪವಾಸವನ್ನು ಮಾಡುವವನಿಗೂ ಉಣ್ಣಲಿಲ್ಲದವನಿಗೂ ಹೊಟ್ಟೆ ಬರಿದಾಗಿರುವುದು ಸಮಾನವಾದರೂ ಏಕಾದಶಿಯ ಪುಣ್ಯವು ಇಬ್ಬರಿಗೂ ಸಮಾನವಲ್ಲ. ಉಣ್ಣಲಿಲ್ಲದವನನ್ನು ನೋಡಿ 'ಎಂತಹ ವ್ರತಿ!' ಎಂದು ಕೈಮುಗಿಯುವ ಧನಿಕನು ಭಕ್ತನಲ್ಲ. ನಿಷ್ಕಾಮಕರ್ಮವು ಒಬ್ಬನು ತನಗೆ ತಾನೇ ವಿಧಿಸಿಕೊಳ್ಳತಕ್ಕ ಧರ್ಮವು. ಮತ್ತೊಬ್ಬನಿಗೆ ಸಲ್ಲಬೇಕಾದುದನ್ನು ತಡೆದಿಟ್ಟುಕೊಂಡು ಅವನಿಗೆ ಉಪದೇಶಿಸತಕ್ಕುದಲ್ಲ.

ಹೆಸರನ್ನು ಬರೆಯುವುದು ಈ ನಾಡಿನ ಪದ್ಧತಿಯೇ ಅಲ್ಲವೆನ್ನುವವರಿಗೆ ಕನ್ನಡ ನಾಡಿನ ಕಲ್ಲುಗಳೇ ಉತ್ತರವನ್ನು ಕೊಡುವುವು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬಿರುದುಗಳೊಡನೆ ಕೆತ್ತಿದ್ದಾರೆ. 13ನೆಯ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರು ಮತ್ತೆಮತ್ತೆ ಕಾಣುವುದು. ಇದರಿಂದ ಕೇಶವನ ಮಹಿಮೆಗೆ ಕುಂದು ಬಂದಿತೆಂದು ಯಾವ ಭಕ್ತನೂ ದೂರಿಲ್ಲ. ಹಾಗೆಂದು ಹೆಸರು ಎಲ್ಲೆಲ್ಲಿಯೂ ಬೇಕೆಂಬ ಹಟವೂ ಸಲ್ಲದು. ಚವತಿಯ ಗಣಪತಿಯನ್ನು ಮಾಡುವ ಗುಡಿಗಾರನು ಬೆನ್ನಿನ ಮೇಲೆ ತನ್ನ ಹೆಸರನ್ನು ಬರೆಯುವುದಿಲ್ಲ, ಬರೆಯಲೂಬಾರದು. ಆ ಮೂರ್ತಿಯು ಮಣ್ಣಿನಿಂದ ಬಂದು ನೀರಿಗೆ ಹೋಗತಕ್ಕುದು. ಅಲ್ಲಿ ಮಾಡಿದವನೂ ಪೂಜಿಸಿದವನೂ ಇಬ್ಬರೂ ಕೈಬಿಡುವರು. ಬಾಸಿಂಗವೂ ಮದುವೆಯ ಹಂದರದೊಡನೆ ತನ್ನ ಬಾಳನ್ನು ಮುಗಿಸುವುದು. ಎಲ್ಲರೂ ಸಮವಾಗಿ ಬಿಡುವಲ್ಲಿ ಅನ್ಯಾಯವಿಲ್ಲ. ಒಬ್ಬನು ಇಟ್ಟುಕೊಂಡು ಮತ್ತೊಬ್ಬನು ಬಿಡಬೇಕಾದಲ್ಲಿಯೇ ಧರ್ಮವು ಪ್ರಶ್ನಿಸುವುದು.

ಹಾಗಾದರೆ ಮಾಡತಕ್ಕುದೇನು? ಹೋದವರ ಹೆಸರುಗಳನ್ನು ಕಲ್ಪಿಸಿ ಬರೆಯುವುದು ತಕ್ಕುದಲ್ಲ. ಜನರ ಕೃತಜ್ಞತೆಯು ಹೆಸರಿಲ್ಲದ ಎಲ್ಲ ಶಿಲ್ಪವನ್ನೂ ಜಕಣಾಚಾರಿಯ ಮೇಲೆ ಹೊರಿಸಿತು. ಅದು ಅಕ್ಕರೆಯಿಂದ ಆದ ಕೆಲಸವೇ ಆದರೂ ದಾಸೋಜ ಮಲ್ಲಿತಮ್ಮರನ್ನು ಮರೆಯಿಸಿತು. ಹೆಸರು ತಿಳಿಯದಲ್ಲಿ ಕೈಯ ಗುರುತನ್ನು ಉಳಿಸುವುದೇ ಉಳಿದಿರುವ ಋಣಪರಿಹಾರವು. ಕಾವಿಯ ಒಂದು ಗೋಡೆಯು ಇನ್ನೂ ನಿಂತಿದ್ದರೆ ಅದನ್ನು ಕೆಡಹದಿರುವುದೇ ಆ ಅಜ್ಞಾತನಿಗೆ ಸಲ್ಲಿಸುವ ತರ್ಪಣವು. ಬದುಕಿರುವವರ ವಿಷಯದಲ್ಲಿಯಾದರೋ ಕೆಲಸವು ಸುಲಭ. ಹೊನ್ನಾವರದಲ್ಲಿಯೋ ಕುಮಟೆಯಲ್ಲಿಯೋ ಗಂಧದ ಒಂದು ಮಂಟಪವನ್ನು ಕೊಳ್ಳುವವನು ಬೆಲೆಯನ್ನು ಕೇಳುವ ಮುನ್ನ 'ಇದನ್ನು ಕೆತ್ತಿದವರು ಯಾರು?' ಎಂದು ಕೇಳಲಿ. ಕೇಳಿದುದನ್ನು ಒಂದು ಚೀಟಿಯಲ್ಲಿ ಬರೆದು ಮಂಟಪದ ತಳಕ್ಕೆ ಅಂಟಿಸಲಿ. ಹೆಸರು ಬೇಡವೆಂದು ಕುಶಲಿಯೇ ಹೇಳಿದರೆ ಅದು ಅವನ ತ್ಯಾಗವು, ಅದನ್ನೂ ಗೌರವಿಸಲಿ. ಆದರೆ ಬೇಡವೆನ್ನುವ ಅವಕಾಶವನ್ನಾದರೂ ಅವನಿಗೆ ಕೊಡಲಿ.

ಈ ಕರಾವಳಿಯ ಗುಡಿಗಳಲ್ಲಿ ಜೀರ್ಣೋದ್ಧಾರವು ಮುಗಿದಲ್ಲೆಲ್ಲ ಬಾಗಿಲ ಬಳಿ ಹಾಲುಗಲ್ಲಿನ ಒಂದು ಫಲಕವನ್ನು ಕೂಡಿಸುವುದು ರೂಢಿಯಾಗಿದೆ. ಅದರಲ್ಲಿ ದಾನಿಗಳ ಹೆಸರುಗಳು ಅವರು ಕೊಟ್ಟ ರೂಪಾಯಿಗಳ ಎಣಿಕೆಯೊಡನೆ ಸಾಲಾಗಿ ಇರುವುವು. ಆ ಅಕ್ಷರಗಳನ್ನೆಲ್ಲ ತಪ್ಪಿಲ್ಲದೆ, ದುಂಡಗೆ, ಒಂದೊಂದನ್ನಾಗಿ ಕಲ್ಲಿನಲ್ಲಿ ಕೊರೆದವನೊಬ್ಬನು ಇದ್ದೇ ಇರುವನಲ್ಲವೆ? ನೂರು ಮಂದಿಯ ಹೆಸರನ್ನು ಚಿರಗೊಳಿಸಿದ ಆ ಕೈಗೆ ಫಲಕದ ಕೆಳಗಂಚಿನಲ್ಲಿ ಒಂದು ಗೇಣು ಜಾಗವನ್ನು ಬಿಟ್ಟರೆ ದೇವಸ್ಥಾನದ ಬೊಕ್ಕಸಕ್ಕೆ ನಷ್ಟವೇನೂ ಆಗದು. 'ಕಟ್ಟಿಸಿದವರು' ಎಂಬ ಸಾಲಿನ ಅಡಿಯಲ್ಲಿ 'ಕಟ್ಟಿದವರು' ಎಂಬ ಸಾಲೊಂದು ಬಂದ ದಿವಸ ವ್ಯಾಕರಣವು ಮೊದಲಿನಿಂದಲೂ ಒಪ್ಪಿರುವುದನ್ನು ಲೋಕವೂ ಒಪ್ಪಿದಂತಾಗುವುದು. ಇತ್ಯಲಂ.